ಗೆರೆ ಏರದ ಪೆಟ್ರೋಲು

ಸೆಪ್ಟೆಂಬರ್ 1, ಸೋಮವಾರ

ತಂಗಿಗೆ ಮೊದಲೆಲ್ಲ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಈಗ ಅವಳು, "ಅಕ್ಕ, ಫೋನ್ ಮಾಡಿಬಿಡೇ, ನಿನ್ನ ಅಕ್ಷರ ಓದೋಕೆ ಎರಡು ಕನ್ನಡಕ ಬೇಕು" ಅನ್ನುತ್ತಾಳೆ. ಎಲ್ಲವನ್ನೂ ಫೋನಿನಲ್ಲಿ ಹೇಳಲಾಗುತ್ತದೆಯೇ? ಬರೆದು ಪಳಗಿದ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ಈ ನೋಟ್‌ಬುಕ್ಕು. ಇದನ್ನು ಯಾರೂ ಓದುವುದು ಬೇಡ.

ಇವತ್ತು ನನ್ನ ತಮ್ಮ ಮರದಲ್ಲಿ ನಲವತ್ತು ಅಡಿ ಮೇಲೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒಂದು ಕೊಂಬೆಯನ್ನು ಮುಕ್ಕಾಲು ಕೊಯ್ದಿದ್ದನಂತೆ. ಅಷ್ಟರಲ್ಲಿ ಚಿಕ್ಕ ಗರಗಸದ ಎಂಜಿನ್ ನಿಂತುಹೋಯಿತು. ಮುಕ್ಕಾಲು ಕೊಯ್ದ ಕೊಂಬೆ ಯಾವ ಕಡೆ ಮುರಿಯುತ್ತದೆಂದು ಹೇಳುವವರು ಯಾರು? ಗಂಟಣ್ಣ ಕೆಳಗಿನಿಂದ ಹಗ್ಗ ಎಳೆದು ಇವನನ್ನು ಆಚೆಗೆ ಜರುಗಿಸಿದ, ಕೊಂಬೆ ಈಚೆಗೆ ಬಿತ್ತು. ಮನೆಗೆ ಬಂದ ತಮ್ಮ ನೀರು ಕುಡಿಯುವಾಗ ಲೋಟ ಹಲ್ಲಿಗೆ ತಾಗಿ ಟಕಟಕ ಅನ್ನುತ್ತಿತ್ತು. "ಚಳಿ" ಅಂದ. ಬೆವರುತ್ತಿದ್ದ.

ನಮ್ಮದು ಮೂರು ಜನರ ಕೆಲಸ. ಮನೆಯ ಮೇಲೆ, ರಸ್ತೆಯ ಮೇಲೆ ವಾಲಿದ ಮರಗಳನ್ನು ತಮ್ಮ ಹತ್ತಿ ಕೊಯ್ಯುತ್ತಾನೆ. ಗಂಟಣ್ಣ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಅವನು ಹಾಕಿದ ಗಂಟು ಬಿಚ್ಚುವುದು ಅವನಿಗೊಬ್ಬನಿಗೇ ಗೊತ್ತು, ಅದಕ್ಕೇ ಆ ಹೆಸರು. ಊರಿಗೆಲ್ಲ ಅಣ್ಣ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ನಾನು ಮನೆಯ ಹಿಂದಿನ ಶೆಡ್ಡಿನಲ್ಲಿ ಗರಗಸಗಳನ್ನು ನೋಡಿಕೊಳ್ಳುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಚ್ಚಿ, ಜೋಡಿಸಿ, ಉಳಿದ ಸ್ಕ್ರೂ ಎಲ್ಲಿಯದೆಂದು ತಲೆ ಕೆಡಿಸಿಕೊಂಡು, ಮತ್ತೆ ಬಿಚ್ಚಿ ಕಲಿತದ್ದು. ತಮ್ಮನ ಪ್ರಾಣ ಅರ್ಧ ಗಂಟಣ್ಣನ ಕೈಯಲ್ಲಿ, ಅರ್ಧ ನನ್ನ ಕೈಯಲ್ಲಿ. ಇವತ್ತು ನನ್ನ ಅರ್ಧ ಕೈಕೊಟ್ಟಿತು.

ಸೆಪ್ಟೆಂಬರ್ 3, ಬುಧವಾರ

ಕಾರ್ಬ್ಯುರೇಟರ್ ಬಿಚ್ಚಿದೆ. ಒಳಗೆಲ್ಲ ಬೂಷ್ಟು ಹಿಡಿದ ಹಾಗೆ ಬೆಳ್ಳನೆಯ ಅಂಟು. ಪೆಟ್ರೋಲಿನ ರಬ್ಬರ್ ಕೊಳವೆ ಊದಿಕೊಂಡು, ಕೈಯಲ್ಲಿ ಹಿಡಿದರೆ ನೆನೆಸಿಟ್ಟ ಕಾಗದದಂತೆ. ಇದು ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಸ್ಪಿರಿಟ್ಟಿನದೇ ಕೆಲಸ. ಕಾರು, ಬಸ್ಸು ತಡೆದುಕೊಳ್ಳುತ್ತವೆ. ಗರಗಸದಂಥ ಸಣ್ಣ ಎಂಜಿನ್ನಿನ ಕರುಳು ಸಣ್ಣದು, ಅದಕ್ಕೆ ಆಗಿಬರುವುದಿಲ್ಲ. ಸ್ಪಿರಿಟ್ಟು ಗಾಳಿಯ ತೇವವನ್ನೆಲ್ಲ ಹೀರುತ್ತದೆ, ರಬ್ಬರನ್ನು ತಿನ್ನುತ್ತದೆ.

ಬೆರೆಸದ ಪೆಟ್ರೋಲು ಹುಡುಕಿಕೊಂಡು ಮೂರು ಬಂಕಿಗೆ ಹೋದೆ. ಮೊದಲನೆಯವನು, "ಹಾಗಂದ್ರೇನಮ್ಮಾ?" ಅಂದ. ಎರಡನೆಯವನು, "ಎಲ್ಲಾ ಕಡೆ ಬರೋದು ಇದೇ. ಬೇರೆ ಬೇಕಂದ್ರೆ ನೀವೇ ಭೂಮಿ ಅಗೆದು ತಗೋಬೇಕು" ಅಂದ. ಮೂರನೆಯವನು ಮಾತ್ರ, "ನಮ್ಮಲ್ಲಿ ಶುದ್ಧ, ನೂರಕ್ಕೆ ನೂರು" ಎಂದು ಎದೆ ತಟ್ಟಿಕೊಂಡ. ಅಷ್ಟು ಜೋರಾಗಿ ಎದೆ ತಟ್ಟುವವರನ್ನು ನಾನು ನಂಬುವುದಿಲ್ಲ. ತಂದು ಪರೀಕ್ಷೆ ಮಾಡಿದೆ. ಸುಳ್ಳು.

ಗಂಟಣ್ಣ ಅಂದ, "ಅಕ್ಕ, ನಮ್ಮ ಮನೆ ಕಡೆ ಕೆರೆ ದಡದಲ್ಲಿ ದೋಣಿಗಳಿಗೆ ಪೆಟ್ರೋಲ್ ಹಾಕೋ ಹಳೇ ಪಂಪ್ ಒಂದಿದೆ. ದೋಣಿ ಎಂಜಿನ್ನಿಗೂ ಸ್ಪಿರಿಟ್ ಆಗಲ್ಲ ಅಂತ ಅದನ್ನ ನಡೆಸೋ ಆಯಮ್ಮ ಬೆರೆಸದ್ದೇ ತರಿಸ್ತಾಳೆ. ದಿನಾ ಅಲ್ಲಿಂದಲೇ ಬರ್ತೀನಲ್ಲ, ಕ್ಯಾನ್ ಕೊಡಿ."

ಸೆಪ್ಟೆಂಬರ್ 6, ಶನಿವಾರ

ತಂದ. ಹತ್ತು ಲೀಟರಿನ ಕ್ಯಾನು ತುಂಬ.

ನನ್ನ ಪರೀಕ್ಷೆ ಸರಳ. ಗೆರೆಗಳಿರುವ ಉದ್ದನೆಯ ಗಾಜಿನ ಸೀಸೆ. ಮೊದಲ ಗೆರೆಯವರೆಗೆ ನೀರು, ಅದರ ಮೇಲೆ ಕಂಠದವರೆಗೆ ಪೆಟ್ರೋಲು. ಬಿರಡೆ ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಸ್ಪಿರಿಟ್ ಇದ್ದರೆ ಅದು ಪೆಟ್ರೋಲನ್ನು ಬಿಟ್ಟು ನೀರಿನ ಪಕ್ಷ ಸೇರುತ್ತದೆ, ನೀರಿನ ಮಟ್ಟ ಗೆರೆ ಬಿಟ್ಟು ಮೇಲೇರುತ್ತದೆ. ಇಲ್ಲದಿದ್ದರೆ ನೀರು ಎಲ್ಲಿತ್ತೋ ಅಲ್ಲೇ.

ಕುಲುಕಿ ಇಟ್ಟೆ. ಗೆರೆ ಒಂದು ಕೂದಲೆಳೆಯಷ್ಟೂ ಏರಲಿಲ್ಲ! ಈ ವಯಸ್ಸಿನಲ್ಲಿ ಸೀಸೆಗೆ ಮುತ್ತು ಕೊಡುವುದೊಂದು ಬಾಕಿ. ಮೇಲಿನ ಪೆಟ್ರೋಲನ್ನು ನಿಧಾನವಾಗಿ ಕ್ಯಾನಿಗೇ ಬಗ್ಗಿಸಿ, ತಳದ ನೀರನ್ನು ಮಾತ್ರ ಚೆಲ್ಲಿದೆ. ಇಷ್ಟು ಅಲೆದು ಸಿಕ್ಕಿದ್ದನ್ನು ಚೆಲ್ಲಲು ಮನಸ್ಸಾಗುತ್ತದೆಯೇ?

ಹೊಸ ಕೊಳವೆ, ಹೊಸ ಪ್ಲಗ್ಗು, ಎಂಜಿನ್ ಆಯಿಲ್ ಬೆರೆಸಿದ ಹೊಸ ಪೆಟ್ರೋಲು. ಒಂದೇ ಎಳೆತಕ್ಕೆ ಗರಗಸ ಹಾಡಿತು. ಗಂಟಣ್ಣ ಎರಡೂ ಕಿವಿ ಮುಚ್ಚಿಕೊಂಡು ನಕ್ಕ.

ಸೆಪ್ಟೆಂಬರ್ 10, ಬುಧವಾರ

ಮತ್ತೆ ನಿಂತಿತು. ಪುಣ್ಯಕ್ಕೆ ತಮ್ಮ ಆಗಿನ್ನೂ ಏಣಿಯ ಮೇಲಿದ್ದ.

ಕ್ಯಾನಿನ ಪೆಟ್ರೋಲು ಮತ್ತೆ ಪರೀಕ್ಷೆ ಮಾಡಿದೆ. ಗೆರೆ ಏರಲಿಲ್ಲ. ಪರೀಕ್ಷೆ ಶುದ್ಧ ಅನ್ನುತ್ತದೆ, ಎಂಜಿನ್ ಅಲ್ಲ ಅನ್ನುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಸೀಸೆ ಸುಳ್ಳು ಹೇಳುವುದಿಲ್ಲ, ಎಂಜಿನ್ನಿಗೂ ಸುಳ್ಳು ಬರುವುದಿಲ್ಲ. ಸುಳ್ಳು ಹೇಳಲು ನಾಲಿಗೆ ಬೇಕು.

ಸೆಪ್ಟೆಂಬರ್ 12, ಶುಕ್ರವಾರ

ಇನ್ನು ಮೇಲೆ ಬೆಳಿಗ್ಗೆ ಒಂದು ಸಲ, ಅವರು ಕೆಲಸಕ್ಕೆ ಹೊರಡುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ಪರೀಕ್ಷೆ. ನಡುವೆ ಯಾರಾದರೂ ಏನಾದರೂ ಮಾಡಿದರೆ ಸಿಕ್ಕಿಬೀಳಲೇಬೇಕು. ಇವತ್ತು ಮೂರು ಸಲವೂ ಗೆರೆ ಏರಲಿಲ್ಲ. ಮೂರು ಸಲವೂ ಒಂದು ಹನಿ ಪೋಲು ಮಾಡದೆ ಕ್ಯಾನಿಗೆ ಬಗ್ಗಿಸಿದ್ದೇನೆ.

ಗಂಟಣ್ಣ ಸೀಟಿ ಹೊಡೆಯುತ್ತ ಬಂದ. ಸೀಟಿ ಹೊಡೆಯುವಂಥದ್ದು ಏನಿದೆಯೋ. ಹೊಸ ಕ್ಯಾನು ಇಳಿಸುವಾಗ ಕೇಳಿದೆ:

"ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿದ್ದೆಯಾ?"

"ಚಹಾ ಕುಡಿದೆ ಅಕ್ಕ."

"ಕ್ಯಾನು?"

"ಅದು ಕುಡಿಯಲಿಲ್ಲ. ಪೆಟ್ರೋಲ್ ಕುಡಿದ ಮೇಲೆ ಚಹಾ ಸೇರಲ್ಲವಂತೆ ಅದಕ್ಕೆ."

ಮೊದಲಾಗಿದ್ದರೆ ನಗುತ್ತಿದ್ದೆ. ಉತ್ತರ ಕೊಡಬೇಕಾದಲ್ಲಿ ನಗೆಚಾಟಿಕೆ ಮಾಡುವವರನ್ನು ಸ್ವಲ್ಪ ದೂರವಿಟ್ಟು ನೋಡಬೇಕು.

ಸೆಪ್ಟೆಂಬರ್ 15, ಸೋಮವಾರ

ಸಿಕ್ಕಿತು.

ದೊಡ್ಡ ಗರಗಸವೂ ಕೆಮ್ಮಿ ನಿಂತಿತೆಂದು ಅದರ ಟ್ಯಾಂಕನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದೆ. ಪೆಟ್ರೋಲಿನ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಎರಡು ಗುಂಡುಗಳು, ಬಟ್ಟಲು ವಾಲಿಸಿದರೆ ಉರುಳುತ್ತವೆ. ಬೆರಳಿಂದ ಮುಟ್ಟಿದೆ. ನೀರು.

ಹಾಲಿಗೆ ನೀರು ಹಾಕುವವರನ್ನು ಕಂಡಿದ್ದೇನೆ. ಪೆಟ್ರೋಲಿಗೆ ಹಾಕುವ ಧೀರನನ್ನು ಇದೇ ಮೊದಲು ಕಾಣುತ್ತಿರುವುದು. ಯಾಕೆ ಹಾಕುತ್ತಾನೆ? ಒಂದು ಲೀಟರು ತನ್ನ ಮೊಪೆಡ್ಡಿಗೆ ತೆಗೆದುಕೊಂಡು ಅಳತೆ ಸರಿಮಾಡಲು, ಇನ್ನೇಕೆ. ನಾನು ಕ್ಯಾನನ್ನು ಮೇಲಿಂದ ತೆಗೆದು ಪರೀಕ್ಷಿಸುತ್ತೇನೆಂದು ಅವನಿಗೆ ಗೊತ್ತು. ನೀರು ತಳದಲ್ಲಿ ಕೂರುತ್ತದೆಂದೂ ಗೊತ್ತು.

ಇಪ್ಪತ್ತೆರಡು ವರ್ಷ ನಮ್ಮ ಜಗಲಿಯ ಮೇಲೆ ಕೂತು ಚಹಾ ಕುಡಿದವನು.

ಸೆಪ್ಟೆಂಬರ್ 16, ಮಂಗಳವಾರ

ಒಬ್ಬರ ತಲೆಯ ಮೇಲೆ ತಪ್ಪು ಹೊರಿಸುವ ಮೊದಲು ನಾಲ್ಕೂ ಕಡೆ ನೋಡಬೇಕು. ನನಗೂ ನ್ಯಾಯ ಗೊತ್ತು. ಬಸ್ಸು ಹತ್ತಿ ಕೆರೆ ದಡಕ್ಕೆ ಹೋದೆ.

ಪಂಪಿನ ಹೆಂಗಸು ನನ್ನ ವಯಸ್ಸಿನವಳೇ. ತಗಡಿನ ಮಾಡಿನ ಕೆಳಗೆ ಕುರ್ಚಿ ಹಾಕಿಕೊಂಡು ದೋಣಿಗಳ ಮೇಲೆ ಕಣ್ಣಿಟ್ಟು ಕೂತಿದ್ದಳು. "ನಿಮ್ಮ ಪೆಟ್ರೋಲಿನಲ್ಲಿ ನೀರು ಬರುತ್ತಾ?" ಎಂದು ನೇರವಾಗಿ ಕೇಳಿದೆ.

"ಅಲ್ನೋಡಿ," ಅಂದಳು. "ಮೂವತ್ತು ದೋಣಿ. ಒಂದೇ ಒಂದು ನಡುನೀರಲ್ಲಿ ನಿಂತಿದ್ರೆ ನನ್ನನ್ನ ಇಲ್ಲಿ ಕೂರೋಕೆ ಬಿಡ್ತಿದ್ರಾ? ಕುರ್ಚಿ ಸಮೇತ ಕೆರೆಗೆ ಹಾಕ್ತಿದ್ರು."

ಒಂದು ಗಾಜಿನ ಲೋಟಕ್ಕೆ ಪಂಪಿನಿಂದ ಹಿಡಿದು ತೋರಿಸಿದಳು. ಬಿಸಿಲಿಗೆ ಎತ್ತಿದರೆ ತಳದವರೆಗೆ ಸ್ವಚ್ಛ.

"ನಿಮ್ಮ ಹಗ್ಗದವರು ಒಳ್ಳೆ ಜನ," ಅಂದಳು. "ಕ್ಯಾನಿನ ಮುಚ್ಚಳಕ್ಕೆ ಮೇಲಿಂದ ಬಟ್ಟೆ ಸುತ್ತಿ ಗಂಟು ಹಾಕೊಂಡು ಹೋಗ್ತಾರೆ. ಧೂಳು ಹೋಗಬಾರದಂತೆ."

ಗಂಟು ಹಾಕುತ್ತಾನೆ, ನಿಜ. ಅವನ ಗಂಟನ್ನು ಅವನು ಬಿಚ್ಚಬಲ್ಲ. ಪಂಪಿನವಳದು ತಪ್ಪಿಲ್ಲವೆಂದರೆ ಉಳಿದದ್ದು ಯಾರು?

ಸೆಪ್ಟೆಂಬರ್ 17, ಬುಧವಾರ

ತಮ್ಮನಿಗೆ ಹೇಳಿದೆ. ಬಟ್ಟಲಿನ ನೀರು ತೋರಿಸಿದೆ. ಅವನು ಬಹಳ ಹೊತ್ತು ಆ ಗುಂಡುಗಳನ್ನು ಅತ್ತಿತ್ತ ಉರುಳಿಸುತ್ತ ಕೂತ. "ಖಾತ್ರಿನಾ ಅಕ್ಕ?" ಅಂದ. "ನಾನು ಯಾವತ್ತಾದರೂ ಎಂಜಿನ್ ವಿಷಯದಲ್ಲಿ ತಪ್ಪಿದ್ದೀನಾ?" ಅಂದೆ. ತಪ್ಪಿಲ್ಲ.

ಗೇಟಿನ ಹತ್ತಿರ ಅವರಿಬ್ಬರೇ ಮಾತಾಡಿದರು. ನಾನು ಶೆಡ್ಡಿನೊಳಗೆ ಅರ ಹಿಡಿದು ಚೈನಿನ ಹಲ್ಲು ಮಸೆಯುತ್ತಿದ್ದೆ. ಅರದ ಸದ್ದಿನ ನಡುವೆ ಗಂಟಣ್ಣನ ಒಂದು ಮಾತು ಕೇಳಿಸಿತು: "ನಿನ್ನ ಜೀವ ನನ್ನ ಕೈಗೆ ಕೊಟ್ಟೆಯಲ್ಲೋ ಇಷ್ಟು ವರ್ಷ. ಪೆಟ್ರೋಲ್ ಕೊಡೋಕೆ ಮನಸ್ಸು ಬರಲಿಲ್ಲವಾ?"

ಕಳ್ಳನಲ್ಲದಿದ್ದರೆ ಕೂಗಾಡುತ್ತಿದ್ದ. ಕೂಗಲಿಲ್ಲ. ಹಗ್ಗಗಳನ್ನೆಲ್ಲ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿ ಹೋದ. ಅದೂ ಒಂದು ಗುರುತೇ.

ಸೆಪ್ಟೆಂಬರ್ 19, ಶುಕ್ರವಾರ

ತಮ್ಮ ಒಬ್ಬ ಹೊಸಬನನ್ನು ತಂದಿದ್ದಾನೆ. ಲಾರಿಗೆ ಸಾಮಾನು ಏರಿಸುವ ಕಡೆ ಕೆಲಸ ಮಾಡಿದವನು, ತೋಳು ಗಟ್ಟಿ. ಹಗ್ಗ ಹಿಡಿದಾಗ ಮೇಲೆ ನೋಡುವುದಿಲ್ಲ, ರಸ್ತೆ ನೋಡುತ್ತಾನೆ.

ಪೆಟ್ರೋಲು ಇನ್ನು ನಾನೇ ತರುತ್ತೇನೆ. ಶೆಡ್ಡಿಗೆ ಬೀಗ. ಕೀಲಿ ನನ್ನ ಸೊಂಟದಲ್ಲಿ.

ಸೆಪ್ಟೆಂಬರ್ 22, ಸೋಮವಾರ



ನಾನೇ ತಂದ ಪೆಟ್ರೋಲು. ನಾನೇ ಬೀಗ ಹಾಕಿದ್ದು. ದಿನಕ್ಕೆ ಮೂರಲ್ಲ, ನಾಲ್ಕು ಸಲ ಪರೀಕ್ಷೆ. ಇವತ್ತು ಗರಗಸ ಮರದ ಮೇಲೆ ನಿಂತಿತು. ತಮ್ಮ ಕೂಗಿದ್ದು ಹೊಸಬನಿಗೆ ಗೊತ್ತಾಗುವಷ್ಟರಲ್ಲಿ ಕೊಂಬೆ ಬೀಸಿ ಬಂದು ಭುಜಕ್ಕೆ ಬಡಿಯಿತು. ಮೂಳೆ ಮುರಿದಿಲ್ಲ. ಭುಜ ಪೂರ್ತಿ ನೀಲಿ. ಎಣ್ಣೆ ಹಚ್ಚುವಾಗ, "ಗಂಟಣ್ಣ ಇದ್ದಿದ್ರೆ" ಎಂದು ಶುರುಮಾಡಿ, "ಎಣ್ಣೆ ಸಾಕು" ಅಂದ.

ಟ್ಯಾಂಕು ಬಗ್ಗಿಸಿದೆ. ನೀರು. ಈ ಸಲ ಎರಡಲ್ಲ, ಐದಾರು ಗುಂಡು.

ಹೊಸಬ ಹಾಕಿದನೇ? ಅವನಿಗೆ ಟ್ಯಾಂಕಿನ ಮುಚ್ಚಳ ಎಲ್ಲಿದೆಯೆಂದೇ ಗೊತ್ತಿಲ್ಲ. ಗಂಟಣ್ಣನ ಹತ್ತಿರ ಇನ್ನೊಂದು ಕೀಲಿ ಇದೆಯೇ? ಅಥವಾ ಆ ಪಂಪಿನವಳು ನನಗೆ ತೋರಿಸಲು ಒಂದು, ಕ್ಯಾನಿಗೆ ಒಂದು ಇಟ್ಟಿದ್ದಾಳೆಯೇ? ಇಬ್ಬರೂ ಕೆರೆ ದಡದವರು. ನಾಳೆ ಕ್ಯಾನು, ಸೀಸೆ ಎರಡನ್ನೂ ಒಯ್ದು ಅವಳ ಎದುರಿಗೇ ಪರೀಕ್ಷೆ ಮಾಡುತ್ತೇನೆ.

ಸೆಪ್ಟೆಂಬರ್ 23, ಮಂಗಳವಾರ

ಅವಳ ಎದುರಿಗೇ ಮಾಡಿದೆ. ಮೊದಲ ಗೆರೆಯವರೆಗೆ ನೀರು, ಮೇಲೆ ಪೆಟ್ರೋಲು, ಕುಲುಕು, ಇಡು. ಗೆರೆ ಏರಲಿಲ್ಲ. "ನೋಡಿದಿರಾ, ಮೇಲೆ ಸರಿ ಇದೆ. ನೀರು ತಳದಲ್ಲಿದೆ, ಯಾರು ಹಾಕಿದ್ದು?" ಎನ್ನುತ್ತ ಸೀಸೆಯನ್ನು ಕ್ಯಾನಿಗೆ ಬಗ್ಗಿಸಿದೆ.

"ಅಯ್ಯೋ, ಏನು ಮಾಡಿದ್ರಿ ಈಗ?" ಅಂದಳು.

"ಏನು?"

"ಆ ಸೀಸೆಯಲ್ಲಿ ನೀರಿತ್ತಲ್ಲಾ."

"ನೀರು ತಳದಲ್ಲಿ ಉಳಿಯುತ್ತೆ. ಮೇಲಿನದನ್ನು ಮಾತ್ರ ಬಗ್ಗಿಸಿದ್ದು."

ಅವಳು ಸೀಸೆ ಕಸಿದುಕೊಂಡು ನನ್ನ ಕಣ್ಣೆದುರು ಹಿಡಿದಳು. ನೀರು ಮೊದಲ ಗೆರೆಗಿಂತ ಕೆಳಗಿತ್ತು. ಬಹಳವೇನಲ್ಲ, ಬೆರಳಿನ ಉಗುರಿನಷ್ಟು.

"ಕುಲುಕಿದ ಮೇಲೆ ಸಣ್ಣ ಹನಿ ಪೆಟ್ರೋಲಿನಲ್ಲೇ ತೇಲ್ತಾ ಇರುತ್ತೆ. ಬಗ್ಗಿಸೋವಾಗ ಕೊನೆಗೆ ಇನ್ನೊಂದಿಷ್ಟು ಜಾರುತ್ತೆ. ದಿನಕ್ಕೆ ಎಷ್ಟು ಸಲ ಮಾಡ್ತೀರಿ ಇದನ್ನ?"

ನಾನು ಕ್ಯಾನಿನ ಮುಚ್ಚಳ ಹಾಕಿದೆ.

"ಸ್ಪಿರಿಟ್ ಇರೋ ಪೆಟ್ರೋಲಾಗಿದ್ರೆ ಆ ನಾಲ್ಕು ಹನಿ ಕುಡಿದು ಅರಗಿಸಿಕೊಳ್ತಿತ್ತು. ಶುದ್ಧವಾದದ್ದಕ್ಕೆ ಆ ಗುಣ ಇಲ್ಲ. ಒಂದು ಹನೀನೂ ಒಳಗೆ ಬಿಟ್ಟುಕೊಳ್ಳಲ್ಲ, ಸೀದಾ ತಳಕ್ಕೆ ತಳ್ಳುತ್ತೆ." ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮ ಎಂಜಿನ್ನಿಗೆ ನೀವೇ ನೀರು ಕುಡಿಸ್ತಿದ್ರಲ್ಲಾ!"

ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಕುರ್ಚಿ ಬಿಟ್ಟುಕೊಟ್ಟಳು. ಎರಡು ಬಸ್ಸು ಹೋಗುವವರೆಗೂ ಕೂತಿದ್ದೆ.

ಸೆಪ್ಟೆಂಬರ್ 24, ಬುಧವಾರ

ತಮ್ಮನಿಗೆ ಹೇಳಬೇಕೆಂದು ಬಾಯಿ ತೆರೆದೆ. "ಚಹಾ ಕುಡೀತೀಯಾ?" ಅಂದೆ.

ಸೆಪ್ಟೆಂಬರ್ 25, ಗುರುವಾರ

ಸೀಸೆ ಎತ್ತಿಟ್ಟೆ. ನೆಲಕ್ಕೆ ಬಿದ್ದ ಮರ ತುಂಡು ಮಾಡುತ್ತ ಗರಗಸ ಎರಡೂ ದಿನ ನಿಲ್ಲದೆ ಓಡಿತು. ಇನ್ನು ನಿಲ್ಲುವುದಿಲ್ಲ. ತೊಂದರೆ ತೀರಿದೆ ಅಂದ ಮೇಲೆ ಹಳೆಯದನ್ನು ಕೆದಕಿ ಯಾರಿಗೆ ಏನು ಲಾಭ? ಗಂಟಣ್ಣನಿಗೆ ಬೇರೆ ಕೆಲಸ ಸಿಕ್ಕಿರಬಹುದು. ಸಿಕ್ಕಿರುತ್ತದೆ. ಅವನಂಥ ಕೈಯವನನ್ನು ಯಾರು ಬಿಡುತ್ತಾರೆ.

ತಮ್ಮ ಭಾನುವಾರ ಹೆರಿಗೆ ಆಸ್ಪತ್ರೆಯ ಅಂಗಳದ ಮರ ಒಪ್ಪಿಕೊಂಡಿದ್ದಾನೆ. ತುದಿ ಒಣಗಿದೆ, ಛಾವಣಿಯ ಕಡೆಗೆ ವಾಲಿದೆ. ಒಂದೊಂದು ತುಂಡನ್ನೂ ಹಗ್ಗದಲ್ಲೇ ಇಳಿಸಬೇಕು. ಭುಜ ಇನ್ನೂ ಮೇಲೆತ್ತಲು ಬರುವುದಿಲ್ಲ. "ಹೊಸಬ ಕಲೀತಾ ಇದ್ದಾನೆ ಅಕ್ಕ" ಅನ್ನುತ್ತಾನೆ. ನನಗೆ ಧೈರ್ಯ ಹೇಳುತ್ತಾನೋ ತನಗೋ.

ನಮ್ಮ ಮನೆಯಂಗಳದಲ್ಲಿ ಹೊಸಬ ಹಾಕಿದ ಗಂಟೊಂದನ್ನು ಎಳೆದು ನೋಡಿದೆ. ಜಾರಿತು.

ಸೆಪ್ಟೆಂಬರ್ 26, ಶುಕ್ರವಾರ

ಗಂಟಣ್ಣನ ಮನೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಮನೆಯ ಹೊಸಿಲು ತುಳಿದವಳಲ್ಲ. ಅವನೇ ಬರುತ್ತಿದ್ದ, ನಾವು ಹೋಗುತ್ತಿರಲಿಲ್ಲ. ದಾರಿ ಕೇಳಬೇಕಾಯಿತು.

ಅವನ ಹೆಂಡತಿ ಬಾಗಿಲು ತೆಗೆದು, "ಬನ್ನಿ" ಅನ್ನದೆ, "ಮನೇಲಿದ್ದಾರೆ" ಅಂದಳು. ಕೆಲಸ ಸಿಕ್ಕಿಲ್ಲ. ಯಾರು ಕೊಡುತ್ತಾರೆ? ತಮ್ಮ ಯಾಕೆ ಬಿಡಿಸಿದನೆಂದು ಎಲ್ಲರೂ ಕೇಳುತ್ತಾರಂತೆ. ಪೆಟ್ರೋಲು ಕದ್ದವನೆಂಬ ಮಾತು ನಾನು ಬಸ್ಸಿನಲ್ಲಿ ಬರುವುದಕ್ಕಿಂತ ಮೊದಲೇ ಆ ಬೀದಿ ಮುಟ್ಟಿತ್ತು.

ನಿಂತೇ ಹೇಳಿದೆ. ಸೀಸೆ, ನೀರು, ನಾಲ್ಕು ಸಲ, ಎಲ್ಲ. ಅವನು ಮಂಚದ ತುದಿಯಲ್ಲಿ ಕೂತು ಕೇಳಿದ. ಬೈದಿದ್ದರೆ ಒಳ್ಳೆಯದಿತ್ತು.

"ಅಕ್ಕ, ಒಂದು ಮಾತು," ಅಂದ. "ನನ್ನನ್ನ ಕಳ್ಳ ಅಂದದ್ದು ನನ್ನ ಮುಂದೆ ಅಲ್ಲ. ಕಳ್ಳ ಅಲ್ಲ ಅನ್ನೋದನ್ನ ಮಾತ್ರ ನನ್ನ ಮುಂದೆ ಹೇಳ್ತೀರಿ. ನನಗೆ ಅದು ಮೊದಲೇ ಗೊತ್ತಿತ್ತಲ್ಲ."

"ತಮ್ಮನಿಗೆ ಹೇಳ್ತೀನಿ."

"ಅವನೊಬ್ಬನಿಗೇ ಅಲ್ಲ."

ಚಹಾ ಕೊಡಲಿಲ್ಲ. 

ಸೆಪ್ಟೆಂಬರ್ 27, ಶನಿವಾರ

ತಮ್ಮನಿಗೆ ಊಟದ ಹೊತ್ತಿಗೆ ಹೇಳಿದೆ. ತುತ್ತು ಕೈಯಲ್ಲೇ ಉಳಿಯಿತು.

"ನನ್ನ ಭುಜಕ್ಕೆ ಎಣ್ಣೆ ಹಚ್ಚಿದಾಗಲೂ ಹೇಳಲಿಲ್ಲವಾ?"

"ಸೋಮವಾರ ನನಗೆ ಗೊತ್ತಿರಲಿಲ್ಲ ಕಣೋ. ಮಂಗಳವಾರ ಗೊತ್ತಾಯ್ತು."

"ಇವತ್ತು ಶನಿವಾರ."

ಎದ್ದು ಕೈ ತೊಳೆದ. ನಾನು ತಟ್ಟೆಗಳನ್ನು ಎತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನ್ನೊಬ್ಬಳದೇ ಅಲ್ಲ, ನಾನೂ ನಂಬಿದೆ" ಅಂದ. ಗಂಟಣ್ಣನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಅವನ ಹೆಂಡತಿಗೆ ಮಾಡಿ ನಾಳೆ ಎಷ್ಟು ಹೊತ್ತಿಗೆ, ಯಾವ ಅಂಗಳ ಎಂದಷ್ಟೇ ಹೇಳಿದ. "ಹೇಳ್ತೀನಿ" ಅಂದಳಂತೆ. ಬರುತ್ತಾನೆ ಅನ್ನಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ನಾನೂ ಹೋದೆ. ಮರ ಕೊಯ್ಯುವ ಜಾಗಕ್ಕೆ ನಾನು ಹೋಗುವವಳಲ್ಲ. ಮೇಲೆ ನೋಡಿದರೆ ತಲೆ ಸುತ್ತುತ್ತದೆ.

ತಮ್ಮ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಗೋಡೆಯ ನೆರಳಲ್ಲಿ ಕಾಯುತ್ತಿದ್ದ. ಹೊಸಬ ಹಗ್ಗ ಬಿಚ್ಚುತ್ತ ಸಿಕ್ಕು ಮಾಡಿಕೊಂಡಿದ್ದ. ಆಸ್ಪತ್ರೆಯ ಕಾವಲುಗಾರ, ಕಿಟಕಿಗಳಲ್ಲಿ ನಾಲ್ಕೈದು ದಾದಿಯರು. ಅರ್ಧ ಗಂಟೆ ತಡವಾಗಿ ಮೊಪೆಡ್ಡಿನ ಸದ್ದು ಬಂತು. ಗಂಟಣ್ಣ ಗೇಟಿನ ಹೊರಗೇ ನಿಲ್ಲಿಸಿ, ಇಳಿಯದೆ, ಹ್ಯಾಂಡಲ್ ಹಿಡಿದು ಕೂತ.

ನನಗೆ ದನಿ ಏರಿಸಿ ಅಭ್ಯಾಸವಿಲ್ಲ. ಏರಿಸಿದೆ. "ಇವನು ಪೆಟ್ರೋಲ್ ಕದ್ದಿಲ್ಲ. ನೀರು ಹಾಕಿದ್ದು ನಾನು. ಪರೀಕ್ಷೆ ಮಾಡೋಕೆ ಹೋಗಿ ಹಾಕಿದೆ. ಗೊತ್ತಾದ ಮೇಲೂ ನಾಲ್ಕು ದಿನ ಬಾಯಿ ಮುಚ್ಕೊಂಡಿದ್ದೆ."

ಕಾವಲುಗಾರನಿಗೆ ತಲೆಬುಡ ಗೊತ್ತಾಗಲಿಲ್ಲ. "ಯಾವ ಪೆಟ್ರೋಲು?" ಅಂದ. ಹೊಸಬನಿಗೆ ಗೊತ್ತಾಯಿತು. ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟು ಪಕ್ಕಕ್ಕೆ ಸರಿದ. ಗಂಟಣ್ಣನ ಬೀದಿಗೂ ಈ ಮಾತು ಇವತ್ತು ಸಂಜೆಯೊಳಗೆ ಮುಟ್ಟಲಿ.

ಗಂಟಣ್ಣ ಇಳಿದು ಬಂದ.  ತಮ್ಮನ ಸೊಂಟದ ಪಟ್ಟಿ ಎಳೆದು ನೋಡಿದ, ಭುಜ ಅದುಮಿದ, "ನೋಯುತ್ತಾ?" ಅಂದ. "ಇಲ್ಲ." "ಸುಳ್ಳು ಹೇಳ್ಬೇಡ, ಮೇಲೆ ಹೋದ್ಮೇಲೆ ನಂಗೇ ಗೊತ್ತಾಗುತ್ತೆ." ಹೊಸಬನನ್ನು ಗೇಟಿನ ಕಡೆ ಜನ ಬಾರದಂತೆ ನೋಡಿಕೊಳ್ಳಲು ಕಳಿಸಿದ. ಹಗ್ಗವನ್ನು ಪಕ್ಕದ ಮರದ ಬುಡಕ್ಕೆ ಎರಡು ಸುತ್ತು ಸುತ್ತಿ, ಉಳಿದ ಬಾಲವನ್ನು ನನ್ನ ಕಡೆ ಚಾಚಿದ.

"ಹಿಡ್ಕೊಳ್ಳಿ."

"ನನಗೆ ಬರಲ್ಲ ಗಂಟಣ್ಣ."

"ಬಿಡಿ ಅಂದಾಗ ಒಂದು ಮೊಳ ಬಿಡಿ. ಹಿಡೀರಿ ಅಂದಾಗ ಹಿಡೀರಿ. ನಡುವೆ ಬೇರೆ ಯೋಚನೆ ಮಾಡ್ಬೇಡಿ, ಅಷ್ಟೇ."

ಹಿಡಿದೆ. ಅವನು ನನ್ನ ಮುಂದೆ ನಿಂತು, ನನಗೆ ಬೆನ್ನು ಮಾಡಿ, ಮೇಲೆ ನೋಡತೊಡಗಿದ. ಗರಗಸ ಹಾಡಿತು. ಮೊದಲ ತುಂಡು ಹಗ್ಗಕ್ಕೆ ತೂಗಿದಾಗ ಅದರ ಭಾರ ಬುಡದ ಸುತ್ತು ದಾಟಿ, ಅವನ ಕೈ ದಾಟಿ, ನನ್ನ ಮುಂಗೈವರೆಗೆ ಬಂತು. ಅಷ್ಟು ದೂರ ಬರುವಷ್ಟರಲ್ಲಿ ಬೆಕ್ಕಿನ ಮರಿಯಷ್ಟಾಗಿತ್ತು. ಆದರೆ ಬಂತು. "ಬಿಡಿ" ಅಂದ, ಬಿಟ್ಟೆ. "ಹಿಡೀರಿ" ಅಂದ, ಹಿಡಿದೆ.

ಹದಿನೇಳು ತುಂಡು ಇಳಿದವು. ನನ್ನ ಅಂಗೈ ಸುಲಿದಿದೆ, ಪೆನ್ನು ಹಿಡಿಯಲು ಕಷ್ಟ. ಬೆಳಿಗ್ಗೆ ಒಂಬತ್ತರಿಂದ ಮೂರು ಗಂಟೆಯವರೆಗೆ ತಮ್ಮ ಮೇಲಿದ್ದ, ಗಂಟಣ್ಣ ಅವನನ್ನೇ ನೋಡುತ್ತಿದ್ದ. ಹಿಂದೆ ನಾನು ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂದು ಒಂದು ಸಲವೂ ತಿರುಗಿ ನೋಡಲಿಲ್ಲ.